ಆರನೆಯ ಡಬ್ಬಿ

ರೊಟ್ಟಿ ಒಲೆಯ ಮುಂದೆ ಸಾಲು. ಬೆಳಿಗ್ಗೆ ಏಳು.
ಕುತಾಯಿಸಿಯಲ್ಲಿ ಜಗಳ ಶುರುವಾಗಲು
ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಓತಿಯಾ ಹೇಳುತ್ತಾನೆ: ಚಿತ್ರ ಅಂದರೆ ಆ ಯುದ್ಧದ ಚಿತ್ರ,
ಮೂರೂವರೆ ತಾಸು, ಎರಡು ಸಾವಿರ ಕುದುರೆ,
ಅಂಥದ್ದು ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ.
ಗುಲ್ನಾಜಿಗೆ ರೇಗುತ್ತದೆ. ಕುದುರೆಗಳು ಚೆನ್ನಾಗಿ ಮಾಡಿದ್ದವು,
ಒಪ್ಪಿದೆ, ಮನುಷ್ಯರದೇ ತಾಪತ್ರಯ.
ಬೆಟ್ಟ ಅಗೆದು ಇಲಿ ಹಿಡಿದರು,
ಇಲಿಗೂ ಒಂದು ಪದಕ ಕೊಟ್ಟರು.

ಸಾಲು ನಗುತ್ತದೆ. ಒಲೆಯೊಳಗೆ ಅರ್ಧ ಮೈ ಇಳಿಸಿ
ಹಿಟ್ಟು ಬಡಿಯುತ್ತಿದ್ದ ಮುರ್ಮಾನ್ ಕೂಡ ತಲೆಯೆತ್ತಿ
ದ್ರಾಕ್ಷಿತೋಟದ ವಿಧವೆಯ ಆ ಚಿತ್ರ? ಎನ್ನುತ್ತಾನೆ.
ಪಾಪ, ಅದನ್ನು ಯಾರೂ ಹೊಗಳಲಿಲ್ಲ.
ಯಾರೂ ನೋಡಲಿಲ್ಲ, ಅದಕ್ಕೆ.
ಯಾರೂ ನೋಡಲಿಲ್ಲವೆಂದೇ ನೀನು ಹೊಗಳುತ್ತಿದ್ದೀ.

ನಾನು ಸುಮ್ಮನಿದ್ದೇನೆ. ಕೈಯಲ್ಲಿ ಚೀಲ, ಚೀಲದಲ್ಲಿ ಚಿಲ್ಲರೆ.
ಮೂವತ್ತೊಂದು ವರ್ಷ ಪ್ರೊಜೆಕ್ಟರ್ ಓಡಿಸಿದವಳು,
ಈ ಊರು ನೋಡಿದ್ದನ್ನೆಲ್ಲ
ಅಂಗೈಯಗಲದ ಕಿಟಕಿಯಿಂದ ನೋಡಿದವಳು:
ಅರ್ಧ ಪರದೆ, ಅರ್ಧ ನಿಮ್ಮ ತಲೆಗಳ ಹಿಂಭಾಗ.
ಚಿತ್ರದ ಬಗ್ಗೆ ನನಗೇನೂ ತಿಳಿಯದು.
ತಲೆಗಳ ಬಗ್ಗೆ ಕೇಳಿ.

ಓತಿಯಾ, ನಿನ್ನ ಎರಡು ಸಾವಿರ ಕುದುರೆ ಓಡುವಾಗ
ನೀನು ಹನ್ನೊಂದನೆಯ ಸಾಲಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ.
ಟೋಪಿ ಜಾರಿ ಪಕ್ಕದವಳ ಮಡಿಲಿಗೆ ಬಿತ್ತು.
ಅವಳನ್ನೇ ಮದುವೆಯಾದೆ.
ಹಾಗಾಗಿ ಅದು ಶ್ರೇಷ್ಠ ಚಿತ್ರವೇ, ತಕರಾರಿಲ್ಲ.
ಗುಲ್ನಾಜಿ, ನೀನು ಅತ್ತೆ. ಐದನೆಯ ರೀಲು,
ಬಿಳಿ ಕುದುರೆ ಮುಂಗಾಲು ಮಡಚಿದಾಗ.

ಇದನ್ನೆಲ್ಲ ಹೇಳುವುದಿಲ್ಲ. ಸಾಲು ಎರಡು ಹೆಜ್ಜೆ ಸರಿಯುತ್ತದೆ.

ಅಷ್ಟರಲ್ಲಿ ಯಾರೋ ನೆನಪಿಸುತ್ತಾರೆ,
ಅಂಚೆಯವನೂ ಮೇಕೆಯೂ ಇರುವ ಆ ಅಗ್ಗದ ಹಾಸ್ಯವನ್ನು.
ಥೂ, ಎನ್ನುತ್ತಾರೆ ಎಲ್ಲರೂ ಒಟ್ಟಿಗೆ.
ಆಮೇಲೆ ಒಟ್ಟಿಗೇ ಸುಮ್ಮನಾಗುತ್ತಾರೆ.

ತೊಂಬತ್ತಮೂರರ ಜನವರಿ. ಗ್ಯಾಸಿಲ್ಲ, ಹಿಟ್ಟಿಲ್ಲ,
ಕರೆಂಟು ಬಂದರೆ ಬಂತು.
ಟಿಕೆಟ್ಟಿಗೆ ಒಂದು ತುಂಡು ಸೌದೆ.
ಕೋಟು ಬಿಚ್ಚದೆ ಕೂತ ನೂರಾ ನಲವತ್ತು ತಲೆ,
ಅವುಗಳ ಉಸಿರಿನ ಹಬೆಯಲ್ಲಿ
ಬೆಳಕಿನ ಕೋಲು ಹಾಲಿನಷ್ಟು ದಪ್ಪ.
ಅಂಚೆಯವನು ಪತ್ರ ಓದಿ ಹೇಳುತ್ತಿದ್ದ,
ಮೇಕೆ ಕೇಳಿದ್ದನ್ನೆಲ್ಲ ತಿನ್ನುತ್ತಿತ್ತು,
ಐದು ಡಬ್ಬಿ ಮುಗಿದು ಆರನೆಯದಕ್ಕೆ ಕೈಹಾಕಿದೆ,
ಹೋಯಿತು.

ಯಾರೂ ಏಳಲಿಲ್ಲ.
ಕತ್ತಲಲ್ಲಿ ಒಂದು ಹೆಂಗಸಿನ ದನಿ: ಆಮೇಲೆ ಮೇಕೆ ಏನು ಮಾಡಿತು?
ಮೂರನೆಯ ಸಾಲು: ಸಂತೆಗೆ ಹೋಗಿ ಅಂಚೆಯವನನ್ನೇ ಮಾರಿತು.
ಬಾಲ್ಕನಿ: ಮಾರಲು ನೋಡಿತು, ಯಾರು ಕೊಳ್ಳುತ್ತಾರೆ?
ಹೀಗೆ ಒಂದು ತಾಸು. ಅಂಚೆಯವನು ಮದುವೆಯಾದ, ಸತ್ತ,
ಸತ್ತಿಲ್ಲವೆಂದು ಮೂವರು ವಾದಿಸಿದ್ದಕ್ಕೆ ಎದ್ದುಬಂದ.
ಕಡೆಗೆ ಮೇಕೆ ತಿಂದ ಪತ್ರಗಳನ್ನೆಲ್ಲ
ಬಾಯಿಪಾಠ ಒಪ್ಪಿಸಬೇಕೆಂದು ತೀರ್ಮಾನವಾಯಿತು.
ಸುಖುಮಿಯಿಂದ ಬರದೇ ಹೋದ ಪತ್ರಗಳು.
ಒಬ್ಬೊಬ್ಬರೇ, ಇದ್ದಲ್ಲಿಂದಲೇ, ಮೇಕೆಯ ದನಿಯಲ್ಲಿ.
'ಅಮ್ಮಾ, ಬೂಟು ಚೆನ್ನಾಗಿದೆ, ಚಳಿಯಿಲ್ಲ' ಎಂದದ್ದು
ಹನ್ನೊಂದನೆಯ ಸಾಲು. ಓತಿಯಾನ ತಮ್ಮ ಅಲ್ಲಿದ್ದ.
ನಕ್ಕರು ಕೂಡ.

ಸತ್ತ ಯಂತ್ರದ ಪಕ್ಕ, ಕೈ ಕಂಕುಳಲ್ಲಿಟ್ಟು ನಿಂತು,
ನಾನು ಒಂದು ಚಿತ್ರವನ್ನು ಪೂರ್ತಿ ಕೇಳಿದ್ದು ಅದೇ ಮೊದಲು.

ಆರನೆಯ ಡಬ್ಬಿಯನ್ನು ಮಾರ್ಚಿನಲ್ಲಿ ಒಬ್ಬಳೇ ಓಡಿಸಿ ನೋಡಿದೆ.
ಸಪ್ಪೆ. ಮೇಕೆ ಮನೆಗೆ ಬರುತ್ತದೆ, ಬ್ಯಾಂಡು ಬಾರಿಸುತ್ತಾರೆ, ಮುಗಿಯಿತು.
'ಕೆಟ್ಟಿದೆ, ಓಡುವುದಿಲ್ಲ' ಎಂದು ಚೀಟಿ ಅಂಟಿಸಿ
ಡಿಪೋಗೆ ಕಳಿಸಿಬಿಟ್ಟೆ.
ನಾನು ಬರೆದ ಒಂದೇ ವಿಮರ್ಶೆ ಅದು. ಅರ್ಧ ಸುಳ್ಳು.

ತ್ಸಿಯಾಲಾ, ನಿನಗೆ ಗೊತ್ತಿರಬೇಕು, ಎನ್ನುತ್ತಾನೆ ಓತಿಯಾ,
ನನ್ನತ್ತ ನೋಡದೆ:
ಆ ಮೇಕೆಯದು ಕೊನೆಗೆ ಏನಾಗುತ್ತದೆ?

ಮುರ್ಮಾನ್ ರೊಟ್ಟಿ ಕೊಡುತ್ತಾನೆ. ದೋಣಿಯಂಥದ್ದು, ಕೈ ಸುಡುವಂಥದ್ದು.
ತುದಿ ಮುರಿದು ಬಾಯಿಗೆ ತುರುಕಿಕೊಳ್ಳುತ್ತೇನೆ.
ಬಾಯಿ ತುಂಬಿದವಳನ್ನು
ಯಾರೂ ಎರಡನೆಯ ಸಲ ಕೇಳುವುದಿಲ್ಲ.